ಅಪ್ಪಾ, ನೀನು ಸರಿಯಾಗಿ ಬೀಳಲ್ಲ

ನನ್ನ ಮಗನಿಗೆ ಆರು ವರ್ಷ. ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಕಾಮೆನ್ ರೈಡರ್ ಅನ್ನೋ ಜಪಾನಿ ಸೂಪರ್‌ಹೀರೋ ಧಾರಾವಾಹಿ ಮುಗಿದದ್ದೇ ತಡ, ಆಟಿಕೆ ಬೆಲ್ಟ್ ಬಿಗಿದುಕೊಂಡು ಹಜಾರದಲ್ಲಿ ನಿಲ್ಲುತ್ತಾನೆ. ಹೀರೋ ಅವನು, ವಿಲನ್ ನಾನು. ಅದರಲ್ಲಿ ಚೌಕಾಸಿ ಇಲ್ಲ. ಅವನು ಒದೆಯುತ್ತಾನೆ, ನಾನು ಬೀಳಬೇಕು. ಹೋದ ತಿಂಗಳು ಹಾಗೆ ಬಿದ್ದು ಏಳುತ್ತಿದ್ದೆ. "ಅಪ್ಪಾ, ನೀನು ಸರಿಯಾಗಿ ಬೀಳಲ್ಲ" ಅಂದ. ಮುಖದಲ್ಲಿ ನಿಜವಾದ ಬೇಸರ.

ಕ್ಯೋಟೋಗೆ ಬಂದು ನನಗೆ ಹನ್ನೊಂದು ವರ್ಷ. ಇಲ್ಲಿನ ಆಫೀಸಿನಲ್ಲಿ ಬೈಸಿಕೊಂಡಿದ್ದೇನೆ, ಆದರೆ ಈ ಮಾತು ನಾಟಿದ ಹಾಗೆ ಯಾವುದೂ ನಾಟಿರಲಿಲ್ಲ.

ಹೀರೋಗೆ ತಕ್ಕ ವಿಲನ್ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ತಕ್ಕ ಅಂದರೆ ಯಾವುದರಲ್ಲಿ? ಈಚೆಗೆ ನಮ್ಮ ಕಡೆ ಇದಕ್ಕೆ ಉತ್ತರ ಮೈಕಟ್ಟು, ಗಡ್ಡ, ಮತ್ತೆ ಮುಂಬೈನಿಂದ ಕರೆಸಿದ ದೊಡ್ಡ ಹೆಸರು. ನಾನು ತೀರ್ಥಹಳ್ಳಿ ಕಡೆಯವನು. ಟೆಂಟ್ ಸಿನಿಮಾದ ಮುಂದಿನ ಸಾಲಿನಲ್ಲಿ, ನೆಲದ ಮೇಲೆ ಕೂತು ವಜ್ರಮುನಿಯವರನ್ನು ನೋಡಿದವನು. ರಾಜ್‌ಕುಮಾರ್ ಎದುರು ಅವರು ನಿಂತರೆ ತೋಳಿನ ಸುತ್ತಳತೆ ಯಾರೂ ನೋಡುತ್ತಿರಲಿಲ್ಲ. ಕಣ್ಣು ಮತ್ತು ಗಂಟಲು, ಅಷ್ಟೇ. "ಯಲಾ ಕುನ್ನಿ" ಅಂದರೆ ಟೆಂಟಿನ ಕಂಬ ಅಲ್ಲಾಡಿದ ಹಾಗಾಗುತ್ತಿತ್ತು. ಅಲ್ಲಿ ಜೋಡಿ ಕೂಡುತ್ತಿದ್ದದ್ದು ಮಾತಿನ ತೂಕದಲ್ಲಿ. 1977ರ ಬಭ್ರುವಾಹನದಲ್ಲಂತೂ ಅರ್ಜುನನೂ ರಾಜ್‌ಕುಮಾರ್, ಎದುರು ನಿಂತ ಬಭ್ರುವಾಹನನೂ ಅವರೇ. ಇಬ್ಬರೂ ಮಾತಿಗೆ ನಿಂತಾಗ ಯಾರ ಕಡೆ ಸೇರಬೇಕು ಅಂತ ನನಗೆ ಗೊತ್ತಾಗಿರಲಿಲ್ಲ. ಅದಕ್ಕಿಂತ ಸಮ ಜೋಡಿ ಎಲ್ಲಿ ತರುತ್ತೀರಿ?

ಜಪಾನಿನವರೂ ಹೀರೋ, ವಿಲನ್ ಇಬ್ಬರನ್ನೂ ಒಂದೇ ಬಟ್ಟೆಯಿಂದ ಹೊಲಿಯುತ್ತಾರೆ ಅನ್ನೋದು ನನಗೆ ಆಮೇಲೆ ತಿಳಿಯಿತು. ಕಾಮೆನ್ ರೈಡರ್ ಶುರುವಾದದ್ದು 1971ರಲ್ಲಿ. ಮೊದಲ ಹೀರೋ ಹೊಂಗೋ ತಾಕೆಶಿಯನ್ನು ಶಾಕರ್ ಅನ್ನೋ ದುಷ್ಟಕೂಟ ಹಿಡಿದು, ಮೈ ಕುಯ್ದು, ಮಿಡತೆಯ ಶಕ್ತಿ ತುಂಬುತ್ತದೆ. ಮೆದುಳಿಗೆ ಕೈ ಹಾಕುವಷ್ಟರಲ್ಲಿ ಅವನು ತಪ್ಪಿಸಿಕೊಳ್ಳುತ್ತಾನೆ. ಆಮೇಲೆ ವಾರವಾರ ಅವನ ಮೇಲೆ ಬೀಳೋ ಜೇಡ, ಬಾವಲಿ ಎಲ್ಲ ಅದೇ ಕಾರ್ಖಾನೆಯ ಮಾಲು. ಇವನು ಸ್ವಲ್ಪದರಲ್ಲಿ ಅವರಲ್ಲೊಬ್ಬ ಆಗಬೇಕಿತ್ತು. ಮಗನಿಗೆ ಇದನ್ನು ಹೇಳಿದರೆ "ಹಾಗಾದ್ರೆ ನೀನೂ ಸ್ವಲ್ಪ ಒಳ್ಳೆಯವನೇ" ಅಂತ ಸಮಾಧಾನ ಮಾಡಿದ.

ಆದರೆ ಬೀಳೋ ವಿಷಯ ಬೇರೆ. ಅದನ್ನು ನಾನು ಕಲಿತದ್ದು ಒಂದು ಉದೋನ್ (ದಪ್ಪ ನೂಡಲ್ಸ್) ಅಂಗಡಿಯಲ್ಲಿ. ಮಧ್ಯಾಹ್ನ ಗಿರಾಕಿ ಕಮ್ಮಿ ಇರೋ ಹೊತ್ತು, ಮೂಲೆಯ ಟಿವಿಯಲ್ಲಿ ಮಿತೊ ಕೋಮೊನ್ ಮರುಪ್ರಸಾರ. 1969ರಿಂದ 2011ರ ತನಕ ನಡೆದ ಧಾರಾವಾಹಿ ಅದು. ಆಗ ಜಪಾನ್ ಆಳುತ್ತಿದ್ದ ತೊಕುಗಾವಾ ಮನೆತನದ ಹಿರಿಯನೊಬ್ಬ ಮುದಿ ಬಟ್ಟೆ ವ್ಯಾಪಾರಿಯ ವೇಷದಲ್ಲಿ ಊರೂರು ಸುತ್ತುತ್ತಾನೆ, ಜೊತೆಗೆ ಸುಕೆ, ಕಾಕು ಅಂತ ಇಬ್ಬರು ಬಂಟರು. ಪ್ರತಿ ಊರಲ್ಲೂ ಒಬ್ಬ ಲಂಚಕೋರ ಅಧಿಕಾರಿ, ಅವನ ಜೇಬು ತುಂಬೋ ಒಬ್ಬ ವ್ಯಾಪಾರಿ. ಕೊನೆಗೆ ಹೊಡೆದಾಟ. ಅದು ಜೋರಾದ ಮೇಲೆ ಮುದುಕ "ಇನ್ನು ಸಾಕು" ಅನ್ನುತ್ತಾನೆ. ಕಾಕು ಪುಟ್ಟ ಡಬ್ಬಿ ತೆಗೆದು ಎತ್ತಿ ಹಿಡಿಯುತ್ತಾನೆ. ಅದರ ಮೇಲೆ ತೊಕುಗಾವಾ ಮನೆತನದ ಲಾಂಛನ. ಕತ್ತಿ ಹಿಡಿದವರೆಲ್ಲ ಧೊಪ್ಪನೆ ಅಡ್ಡಬೀಳುತ್ತಾರೆ. ರಾತ್ರಿ ಎಂಟರ ಪ್ರಸಾರದ ಕಾಲದಲ್ಲಿ ಈ ಡಬ್ಬಿ ಬರುತ್ತಿದ್ದದ್ದು ಎಂಟೂ ಮುಕ್ಕಾಲರ ಆಸುಪಾಸು.

ನಮ್ಮಲ್ಲಿ ಎಲ್ಲ ಮುಗಿದ ಮೇಲೆ ಪೊಲೀಸ್ ಜೀಪು ಬರುತ್ತದಲ್ಲ, ಹಾಗೆ. ವ್ಯತ್ಯಾಸ ಏನಂದರೆ ಇವರ ಜೀಪು ಮೊದಲಿನಿಂದಲೂ ಜೇಬಿನಲ್ಲೇ ಇರುತ್ತದೆ! ಅಂಗಡಿಯ ಯಜಮಾನರನ್ನು ಕೇಳಿದೆ. ಮೊದಲೇ ತೋರಿಸಿದ್ರೆ ಹೊಡೆದಾಟ ಯಾಕೆ ಬೇಕು? ಅವರು ಸಾರಿನ ಪಾತ್ರೆ ಕೆದಕುತ್ತಾ, ತಲೆ ಎತ್ತದೆ ಹೇಳಿದರು: "ಹಾಗೆ ಮಾಡಿದ್ರೆ ಬೀಳೋ ಹುಡುಗರಿಗೆ ಸಂಬಳ ಯಾರು ಕೊಡ್ತಾರೆ?"

ಬೀಳೋ ಹುಡುಗರಿಗೆ ಇಲ್ಲಿ ಹೆಸರೇ ಇದೆ, ಕಿರಾರೆಯಾಕು. ಕಡಿಸಿಕೊಳ್ಳೋದೇ ಪಾತ್ರ. ಕ್ಯೋಟೋದ ಉಜುಮಾಸಾದಲ್ಲಿರೋ ತೋಯೇ ಸ್ಟುಡಿಯೋದಲ್ಲಿ ಫುಕುಮೋತೊ ಸೇಜೋ ಅಂತ ಒಬ್ಬರಿದ್ದರು. ಹದಿನೈದನೇ ವಯಸ್ಸಿಗೆ ಸೇರಿದವರು, ಜೀವನವಿಡೀ ಸತ್ತರು. "ಐವತ್ತು ಸಾವಿರ ಸಲ ಕಡಿಸಿಕೊಂಡವನು" ಅಂತಲೇ ಜನ ಕರೆಯುತ್ತಿದ್ದರು. ಕತ್ತಿ ತಾಗಿದ ಕೂಡಲೇ ಅವರು ಬೀಳುತ್ತಿರಲಿಲ್ಲ. ಒಂದು ಕ್ಷಣ ನಿಂತು, ಸೀಗಡಿ ಬಾಗಿದ ಹಾಗೆ ಬೆನ್ನು ಹಿಂದಕ್ಕೆ ಬಗ್ಗಿಸಿ, ಮುಖ ಕ್ಯಾಮೆರಾ ಕಡೆ ಬರೋ ಹಾಗೆ ಬೀಳುತ್ತಿದ್ದರು. ಹೀರೋ ಕೈಯಲ್ಲಿರೋದು ಬಿದಿರಿನ ಕತ್ತಿ. ಅದಕ್ಕೆ ಉಕ್ಕಿನ ಹರಿತ ಕೊಡುತ್ತಿದ್ದದ್ದು ಆ ಬೆನ್ನು. ಎಪ್ಪತ್ತು ದಾಟಿದ ಮೇಲೆ, 2014ರಲ್ಲಿ, ಅವರಿಗೆ ಮೊದಲ ಸಲ ಸಿನಿಮಾದಲ್ಲಿ ಮುಖ್ಯ ಪಾತ್ರ ಸಿಕ್ಕಿತು. ಅದೂ ಕಡಿಸಿಕೊಳ್ಳೋ ಮುದುಕನದೇ. 2021ರ ಹೊಸವರ್ಷದ ದಿನ ತೀರಿಕೊಂಡಾಗ ಇಲ್ಲಿನ ಪತ್ರಿಕೆಗಳು ಬರೆದವು.

ನಮ್ಮ ಫೈಟರ್‌ಗಳ ಹೆಸರು ನನಗೆಷ್ಟು ಗೊತ್ತು? ಟೈಟಲ್ ಕಾರ್ಡಿನಲ್ಲಿ "ಸಾಹಸ" ಅಂತ ಮಾಸ್ಟರ್ ಹೆಸರು ಬರುತ್ತದೆ. ಹೀರೋ ಒಂದೇಟಿಗೆ ಗಾಳಿಯಲ್ಲಿ ಹಾರಿ ತರಕಾರಿ ಗಾಡಿ ಮೇಲೆ ಬೀಳೋ ಹತ್ತು ಜನರದ್ದು ನೆನಪಿರೋದಿಲ್ಲ. ಅನಿಲ್, ಉದಯ್ ಅನ್ನೋ ಹೆಸರು ನನ್ನಂಥವರಿಗೆ ಗಟ್ಟಿಯಾಗಿ ಕೂತದ್ದು 2016ರ ನವೆಂಬರ್‌ನಲ್ಲಿ. ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಹೆಲಿಕಾಪ್ಟರ್‌ನಿಂದ ನೀರಿಗೆ ಜಿಗಿಯೋ ದೃಶ್ಯ. ಹೀರೋ, ಇಬ್ಬರು ವಿಲನ್‌ಗಳು, ಮೂವರೂ ಜಿಗಿದರು. ಹೀರೋ ಉಳಿದರು. ಇವರಿಬ್ಬರೂ ಮುಳುಗಿದರು. ಆ ವಿಡಿಯೋ ಇಲ್ಲಿ ಕೂತು ನೋಡಿದ್ದೆ. ಮತ್ತೆ ನೋಡಿಲ್ಲ.

ಕೆಜಿಎಫ್‌ನಲ್ಲಿ ಮಾತ್ರ ಒಂದು ಖುಷಿ ಇದೆ. ಮೊದಲ ಭಾಗದ ಗರುಡ ಆಗಿ ಬಂದ ರಾಮಚಂದ್ರ ರಾಜು ಯಶ್ ಅವರ ಬಾಡಿಗಾರ್ಡ್ ಆಗಿದ್ದವರು. ದಿನಾ ಪಕ್ಕದಲ್ಲಿ ನಿಲ್ಲುತ್ತಿದ್ದವರು ಎದುರಿಗೆ ಬಂದು ನಿಂತರು. ಎರಡನೇ ಭಾಗಕ್ಕೆ ಸಂಜಯ್ ದತ್ ಬಂದರು, ಕತ್ತಿ ದೊಡ್ಡದಾಯಿತು, ಸದ್ದು ಜಾಸ್ತಿಯಾಯಿತು. ನನಗೆ ಈಗಲೂ ಗರುಡನೇ ತೂಕದವನು. ಅವನು ಹೆಚ್ಚು ಮಾತಾಡೋದಿಲ್ಲ, ಆದರೂ ಅವನು ಬಿದ್ದಾಗ ಏನೋ ಬಿತ್ತು ಅನ್ನಿಸುತ್ತದೆ.

ಮೊನ್ನೆ ಭಾನುವಾರ ಹಾಸಿಗೆ ಎಳೆದು ಹಜಾರಕ್ಕೆ ಹಾಕಿದೆ. ಫುಕುಮೋತೊ ಅವರ ಹಾಗೆ ಒಂದು ಕ್ಷಣ ನಿಂತೆ, ಬೆನ್ನು ಬಗ್ಗಿಸಿದೆ. ನಲವತ್ತೆರಡರ ಬೆನ್ನು ಸೀಗಡಿಯಾಗಲು ಒಪ್ಪಲಿಲ್ಲ. ಹಾಸಿಗೆ ತಪ್ಪಿ ನೆಲಕ್ಕೇ ಬಿದ್ದೆ. ಮಗ ಚಪ್ಪಾಳೆ ತಟ್ಟಿದ. ಎರಡು ನಿಮಿಷಕ್ಕೆ ಕರೆಗಂಟೆ ಆಯಿತು. ಕೆಳಗಿನ ಮನೆಯ ಅಜ್ಜಿ, ಗಾಬರಿಯಲ್ಲಿ. ಯಾರಾದರೂ ಬಿದ್ದರಾ ಅಂತ ಕೇಳಿದರು.

ನಾನು ಬಗ್ಗಿ ಕ್ಷಮೆ ಕೇಳೋಣ ಅಂದರೆ ಸೊಂಟ ಹಿಡಿದುಕೊಂಡಿತ್ತು. ಮಗನೇ ಮುಂದೆ ಹೋಗಿ ಉತ್ತರ ಕೊಟ್ಟ.

"ಪರವಾಗಿಲ್ಲ ಅಜ್ಜಿ, ವಿಲನ್ ಬಿದ್ದದ್ದು."