ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಬಿಚ್ಚಬೇಡಿ

“ಕಾರ್ ಸ್ಟಾರ್ಟ್ ಮಾಡಿ ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ. ಎಂಜಿನ್ ನಿಲ್ಲದಿದ್ದರೆ ಆಲ್ಟರ್ನೇಟರ್ ಸರಿಯಿದೆ, ಬ್ಯಾಟರಿಯೇ ಹೋಗಿದೆ” ಎಂಬ ಸಲಹೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ (ಆಲ್ಟರ್ನೇಟರ್ ಎಂದರೆ ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಜನರೇಟರ್). ದಯವಿಟ್ಟು ಮಾಡಬೇಡಿ.

ಹಳೆಯ ಕಾರ್ಬ್ಯುರೇಟರ್ ಗಾಡಿಗಳ ಕಾಲದಲ್ಲಿ ಕೆಲವು ಮೆಕ್ಯಾನಿಕ್‌ಗಳು ಹೀಗೆ ನೋಡುತ್ತಿದ್ದುದು ನಿಜ. ಆ ಗಾಡಿಗಳಲ್ಲಿ ಸುಟ್ಟುಹೋಗಲು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇರಲಿಲ್ಲ. ಈಗಿನ ಗಾಡಿಗಳಲ್ಲಿ ಇದೆ. ಚಾರ್ಜ್ ಆಗುತ್ತಿರುವ ಬ್ಯಾಟರಿಯನ್ನು ತಟ್ಟನೆ ಕಳಚಿದರೆ ಆಲ್ಟರ್ನೇಟರ್‌ನ ಕರೆಂಟಿಗೆ ದಾರಿ ತಪ್ಪಿ ವೋಲ್ಟೇಜ್ ಒಮ್ಮೆಲೇ ಚಿಮ್ಮುತ್ತದೆ. ಆ ಏಟಿಗೆ ಇಸಿಯು ಹೋಗಬಹುದು, ಆಲ್ಟರ್ನೇಟರ್‌ನ ಡಯೋಡ್‌ಗಳೂ ಹೋಗಬಹುದು. ಕಿಡಿ ಹಾರಿ, ಬ್ಯಾಟರಿಯಿಂದ ಹೊಮ್ಮುವ ಹೈಡ್ರೋಜನ್ ಹೊತ್ತಿಕೊಳ್ಳುವ ಅಪಾಯ ಬೇರೆ. ಇಷ್ಟೆಲ್ಲ ಆಗಿಯೂ, ಎಂಜಿನ್ ನಿಲ್ಲಲಿಲ್ಲ ಎಂದಮಾತ್ರಕ್ಕೆ ಚಾರ್ಜಿಂಗ್ ಸಾಕಷ್ಟಿದೆ ಎಂದೇನೂ ತಿಳಿಯುವುದಿಲ್ಲ!

ಪರೀಕ್ಷಿಸಲು ಒಂದು ಮಾಮೂಲಿ ಮಲ್ಟಿಮೀಟರ್ (ವೋಲ್ಟೇಜ್ ಅಳೆಯುವ ಮೀಟರ್) ಸಾಕು. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಆಸುಪಾಸು ಇದ್ದರೆ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದೆ. 12ಕ್ಕೆ ಇಳಿದಿದ್ದರೆ ಬಹುಪಾಲು ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಬರಬೇಕು (ಕೆಲವು ಹೊಸ ಕಾರುಗಳಲ್ಲಿ ಕಂಪ್ಯೂಟರೇ ಇದನ್ನು ಏರಿಸಿ ಇಳಿಸುತ್ತದೆ, ಗಾಬರಿ ಬೇಡ). ಅನುಮಾನವಿದ್ದರೆ ಬ್ಯಾಟರಿ ಅಂಗಡಿಯಲ್ಲಿ ಲೋಡ್ ಟೆಸ್ಟ್ (ಬ್ಯಾಟರಿಯ ಮೇಲೆ ಭಾರ ಹಾಕಿ ನೋಡುವ ಪರೀಕ್ಷೆ) ಮಾಡಿಸಿ.

ಬ್ಯಾಟರಿ ಬದಲಿಸುವಾಗ ಎಂಜಿನ್ ಆಫ್ ಇರಲಿ. ಮೊದಲು ಬಿಚ್ಚುವುದು ಮೈನಸ್, ಕೊನೆಗೆ ಕೂಡಿಸುವುದೂ ಮೈನಸ್.