ಊರಿನ ನೆತ್ತಿ ಮೇಲಿನ ಗಣಿ ಗುಡ್ಡೆ: ತೆಗೀಬೇಕಾ, ಬಿಡಬೇಕಾ?

ಪರ: ತೆಗೆದೇ ತೀರಬೇಕು

ವೇಲ್ಸ್‌ನ ರೋಂಡಾ ಕಣಿವೆಯಲ್ಲಿ ಟೈಲರ್ಸ್‌ಟೌನ್ ಅಂತ ಒಂದು ಸಣ್ಣ ಊರಿದೆ. ಕಲ್ಲಿದ್ದಲ ಗಣಿ ಮುಚ್ಚಿ ದಶಕಗಳೇ ಕಳೆದವು. ಗಣಿಯಿಂದ ತೆಗೆದು ಬೆಟ್ಟದ ಮೇಲೆ ಸುರಿದ ಕಲ್ಲು-ಮಣ್ಣು ಮಾತ್ರ ಉಳಿದುಕೊಂಡಿತು. 2020ರ ಫೆಬ್ರವರಿಯಲ್ಲಿ ಡೆನಿಸ್ ಬಿರುಗಾಳಿಯ ಮಳೆಗೆ ಅದರಲ್ಲಿ ಸುಮಾರು 60,000 ಟನ್ ಜಾರಿ ಕಣಿವೆಯ ಹೊಳೆಗೆ ಬಿತ್ತು. ಯಾರ ಜೀವವೂ ಹೋಗಲಿಲ್ಲ. ಅದೃಷ್ಟ ಅಷ್ಟೇ. 2024ರ ನವೆಂಬರಿನಲ್ಲಿ ವೇಲ್ಸ್‌ನದೇ ಇನ್ನೊಂದು ಊರು ಕುಮ್‌ಟಿಲರಿಯಲ್ಲಿ ಇಂಥದ್ದೇ ಕೆಸರು ಮನೆ ಬಾಗಿಲಿಗೇ ಬಂತು.

ವೇಲ್ಸ್‌ನ ಮತ್ತೊಂದು ಗಣಿ ಊರು ಅಬರ್‌ವಾನ್‌ಗೆ ಆ ಅದೃಷ್ಟ ಇರಲಿಲ್ಲ. 1966ರ ಅಕ್ಟೋಬರ್ 21, ಶುಕ್ರವಾರ. ಮಕ್ಕಳು ಆಗಷ್ಟೇ ತರಗತಿಗೆ ಬಂದು ಕೂತಿದ್ದರು. ಒಂಬತ್ತೂಕಾಲಿನ ಹೊತ್ತಿಗೆ ಏಳನೇ ನಂಬರಿನ ಗುಡ್ಡೆ ಕುಸಿದು ಪ್ಯಾಂಟ್‌ಗ್ಲಾಸ್ ಶಾಲೆಯ ಮೇಲೆ ಬಂತು. 116 ಮಕ್ಕಳು, 28 ದೊಡ್ಡವರು ಸತ್ತರು. ನೀರಿನ ಒರತೆ ಮೇಲೇ ಆ ಗುಡ್ಡೆ ಹಾಕಿದ್ದರು. ಶಾಲೆಗೆ ಅಪಾಯ ಇದೆ ಅಂತ 1963ರಲ್ಲೇ ಪತ್ರ ಹೋಗಿತ್ತು. ಆದರೂ ಮಣ್ಣು ಸುರಿಯೋದು ನಿಲ್ಲಲಿಲ್ಲ.

ಆಮೇಲೆ ನಡೆದದ್ದು ನೆನೆದರೆ ಹೊಟ್ಟೆ ಉರಿಯುತ್ತದೆ. ಉಳಿದ ಗುಡ್ಡೆಗಳನ್ನೂ ತೆಗೀರಿ ಅಂತ ಊರವರು ಹೋರಾಡಿದರು. ಕೊನೆಗೆ ಅದರ ಖರ್ಚಿಗೆ ಅಂತ ಸಂತ್ರಸ್ತರ ಪರಿಹಾರ ನಿಧಿಯಿಂದಲೇ ಸರ್ಕಾರ 1,50,000 ಪೌಂಡ್ ಕಿತ್ತುಕೊಂಡಿತು. ವಾಪಸ್ ಬಂದದ್ದು 1997ರಲ್ಲಿ, ಅದೂ ಬಡ್ಡಿ ಇಲ್ಲದೆ. ಜೋರು ಮಳೆಯ ರಾತ್ರಿ ಮಕ್ಕಳ ಪಕ್ಕ ಎಚ್ಚರ ಕೂರುವ ತಾಯಿಗೆ ‘ಗುಡ್ಡೆ ಭದ್ರವಾಗಿದೆ’ ಅನ್ನೋ ವರದಿ ಸಾಲದು. ಖರ್ಚು ಸರ್ಕಾರವೇ ಹೊರಲಿ. ಆ ಕಲ್ಲಿದ್ದಲಿನ ಲಾಭ ಉಂಡದ್ದು ಇಡೀ ಬ್ರಿಟನ್, ಅಲ್ವಾ?

ವಿರೋಧ: ಕಾಯಿರಿ, ಕೀಳಬೇಡಿ

ಅಬರ್‌ವಾನ್ ಹೆಸರು ಕೇಳಿದರೆ ನನಗೂ ಗಂಟಲು ಕಟ್ಟುತ್ತದೆ. ಆದರೆ ಆ ಗುಡ್ಡೆ ಜಾರಿದ್ದು ಒಳಗೆ ನೀರು ತುಂಬಿಕೊಂಡಿದ್ದರಿಂದ. ನೀರಿಗೆ ದಾರಿ ಮಾಡಿಕೊಟ್ಟು, ಕಾಲುವೆಯಲ್ಲಿ ಹೂಳು ತುಂಬದ ಹಾಗೆ ನೋಡಿಕೊಂಡರೆ ಬಹಳಷ್ಟು ಗುಡ್ಡೆಗಳು ನಿಂತಲ್ಲೇ ನಿಲ್ಲುತ್ತವೆ.

ವೇಲ್ಸ್‌ನಲ್ಲಿ ಇಂಥವು 2,500ಕ್ಕೂ ಜಾಸ್ತಿ ಇವೆ. ಅಷ್ಟು ಮಣ್ಣು ತೆಗೆದು ಎಲ್ಲಿ ಹಾಕೋದು? ಕಣಿವೆಯ ರಸ್ತೆಗಳು ಕಿರಿದು, ಅಕ್ಕಪಕ್ಕ ಸಾಲುಮನೆಗಳು. ಬೆಡ್ವಾಸ್ ಅನ್ನೋ ಊರಿನಲ್ಲಿ ಹಳೇ ಗುಡ್ಡೆಯೊಳಗಿನ ಕಲ್ಲಿದ್ದಲು ಮಾರಿ ಖರ್ಚು ತೂಗಿಸೋ ಯೋಜನೆ ಬಂದಾಗ, ಲಾರಿ ಮತ್ತು ದೂಳು ಬೇಡ ಅಂತ ಎದುರು ನಿಂತವರಲ್ಲಿ ಅಲ್ಲಿಯ ಜನರೇ ಇದ್ದರು.

ಇನ್ನೊಂದು ಮಾತು. ಈ ಗುಡ್ಡೆಗಳು ಈಗ ಬರೀ ಕಸ ಅಲ್ಲ. ಟೈಲರ್ಸ್‌ಟೌನ್ ಜನ ತಮ್ಮೂರಿನ ಚೂಪು ಗುಡ್ಡೆಯನ್ನು ‘ಓಲ್ಡ್ ಸ್ಮೋಕಿ’ ಅಂತ ಕರೆಯುತ್ತಾರೆ. ಅದೇ ಕಣಿವೆಯ ತುದಿಯ ಮಾರ್ಡಿಯಲ್ಲಿ, ಗಣಿ ಮಣ್ಣಿನ ಕಲ್ಲು ಎತ್ತಿ ನೋಡಿದಾಗ ಒಂದು ಪುಟಾಣಿ ಸಹಸ್ರಪದಿ ಸಿಕ್ಕಿತು. ಬ್ರಿಟನ್ನಿನಲ್ಲಿ ಅದಕ್ಕೂ ಮುಂಚೆ ಯಾರೂ ಅದನ್ನು ಕಂಡಿರಲಿಲ್ಲ. ‘ಮಾರ್ಡಿ ಮಾನ್‌ಸ್ಟರ್’ ಅಂತ ಹೆಸರಿಟ್ಟರು. ಬಡಕಲು ಮಣ್ಣು, ಹಾವಸೆ, ಕಾಡುಹೂವು, ಚಿಟ್ಟೆ. ಬುಲ್ಡೋಜರ್ ಬಂದರೆ ಇದೆಲ್ಲ ಒಂದೇ ವಾರದಲ್ಲಿ ಹೋಗುತ್ತದೆ.

ಈ ಗುಡ್ಡೆಗಳನ್ನು ನೋಡಿಕೊಳ್ಳೋಕೆ ಪ್ರತ್ಯೇಕ ಪ್ರಾಧಿಕಾರ ಬೇಕು ಅಂತ 2025ರಲ್ಲಿ ವೇಲ್ಸ್ ಸಂಸತ್ತು ಕಾನೂನು ಮಾಡಿದೆ. ಅದಕ್ಕೆ ಸಾಕಷ್ಟು ಎಂಜಿನಿಯರುಗಳನ್ನು ಕೊಡಿ. ಚಳಿಗಾಲದ ಮಳೆಗೆ ಮುಂಚೆ ಕಾಲುವೆಗಳ ಹೂಳು ತೆಗೆಸಿ. ತಪಾಸಣೆ ವರದಿ ಊರವರ ಕೈಗೇ ಕೊಡಿ. ಮನೆಗಳ ಮೇಲ್ಗಡೆ ಜಾರುವ ಲಕ್ಷಣ ತೋರಿಸಿದ ಗುಡ್ಡೆ ಇದ್ದರೆ ಖಂಡಿತ ತೆಗೆಯಿರಿ, ನನ್ನ ತಕರಾರಿಲ್ಲ. ಮಿಕ್ಕವನ್ನು ಮುಟ್ಟಬೇಡಿ.