ಹ್ಯಾಂಡ್‌ಬಿಲ್‌ನಲ್ಲಿ ಕಬಡ್ಡಿ ಆಡಿದ ಕೃಷ್ಣ

ಹೋದ ವಾರ ನನ್ನ ಪ್ರೆಸ್‌ನಲ್ಲಿ ಒಂದು ಸಾವಿರ ಹ್ಯಾಂಡ್‌ಬಿಲ್ ರದ್ದಿಗೆ ಹೋದವು. ಒಂದೇ ಒಂದು ಅಕ್ಷರ ತಪ್ಪಿರಲಿಲ್ಲ. ಒತ್ತು, ದೀರ್ಘ ಎಲ್ಲಾ ಸರಿ ಇತ್ತು. ಆದರೂ ರದ್ದಿ.

ಜಮಖಂಡಿಯಲ್ಲಿ ನನ್ನದೊಂದು ಚಿಕ್ಕ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆ ಹ್ಯಾಂಡ್‌ಬಿಲ್ಲು, ಇದೇ ನಮ್ಮ ಹೊಟ್ಟೆಪಾಡು. ಹೊಳೆ ದಂಡೆಯ ಒಂದು ಹಳ್ಳಿಯವರು ಜಾತ್ರೆಯ ಕಾರ್ಯಕ್ರಮ ಬರೆದುಕೊಟ್ಟು ಹೋಗಿದ್ದರು. ಬೆಳಿಗ್ಗೆ ಪಲ್ಲಕ್ಕಿ, ಮಧ್ಯಾಹ್ನ ಪ್ರಸಾದ, ಸಂಜೆ ಜಂಗೀ ನಿಕಾಲಿ ಕುಸ್ತಿಗಳು, ರಾತ್ರಿ 10 ಗಂಟೆಗೆ ಆಟ. ಡಿಸೈನ್ ಮಾಡುವ ಹುಡುಗ ಮಂಡ್ಯ ಕಡೆಯವನು. ಅಕ್ಕನ ಮನೆಗೆಂದು ಬಂದು ಇಲ್ಲೇ ಉಳಿದವನು, ಕೆಲಸದಲ್ಲಿ ಚುರುಕು. ಪಲ್ಲಕ್ಕಿಗೆ ಪಲ್ಲಕ್ಕಿ ಚಿತ್ರ, ಕುಸ್ತಿಗೆ ಪೈಲ್ವಾನರ ಚಿತ್ರ ಹಾಕಿದ. ಆಟಕ್ಕೆ ಚೆಂದದ ಬಣ್ಣದಲ್ಲಿ ನಾಲ್ಕು ಜನ ಕಬಡ್ಡಿ ಆಡುವ ಚಿತ್ರ ಕೂರಿಸಿದ. ನಾನು ಅಕ್ಷರ ನೋಡಿದೆ, ಚಿತ್ರ ನೋಡಲಿಲ್ಲ. ಮಷಿನ್ ಮೇಲೆ ಹತ್ತಿಬಿಟ್ಟಿತು.

ಒಯ್ಯಲು ಬಂದ ಹಿರಿಯರು ಒಂದು ಹಾಳೆ ಎತ್ತಿಕೊಂಡು ಕಣ್ಣಿಗೆ ಹತ್ತಿರ ಹಿಡಿದರು. ದೂರ ಹಿಡಿದರು. ಆಮೇಲೆ ಸಾವಕಾಶ ಕೇಳಿದರು: "ತಮ್ಮಾ, ರಾತ್ರಿ ಹತ್ತಕ್ಕ ನಮ್ಮ ಕೃಷ್ಣ ಕಬಡ್ಡಿ ಆಡ್ತಾನೇನು?"

ಅವರ ಆಟ ಶ್ರೀಕೃಷ್ಣ ಪಾರಿಜಾತ, ಹಾಡು ಕುಣಿತದಲ್ಲಿ ಕೃಷ್ಣನ ಕಥೆ ಹೇಳುವ ಬಯಲಾಟ. ನಮ್ಮಲ್ಲಿ 'ರಾತ್ರಿ ಆಟ ಐತಿ' ಅಂದರೆ ಯಾರೂ ಬೂಟು ಹುಡುಕುವುದಿಲ್ಲ. ಕೌದಿ ಹೊತ್ತುಕೊಂಡು ಬಯಲಿಗೆ ನಡೀತಾರೆ. ದೊಡ್ಡಾಟ, ಸಣ್ಣಾಟ, ಬಯಲಾಟ, ಎಲ್ಲವೂ ಆಟವೇ. ಗೋಕಾಕ ಕಡೆಯ ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಬೆಳೆಸಿದ ಪಾರಿಜಾತವನ್ನು ನಮ್ಮ ಅಜ್ಜಿ ಕೊನೆತನಕ ಆಟ ಅಂತಲೇ ಕರೆದಳು, ನಾಟಕ ಅನ್ನಲಿಲ್ಲ. ಪಾಪ, ಹುಡುಗನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? "ಆಟ ಅಂತ ಬರೆದಿತ್ತಲ್ಲ ಸಾರ್" ಅಂದ. ಅವನ ಮಾತೂ ಸರಿಯೇ. ಕರಾವಳಿಯವನಾಗಿದ್ದರೆ ಯಕ್ಷಗಾನದ ಕಿರೀಟ ಹಾಕಿರುತ್ತಿದ್ದ, ಹೆಂಗೋ ನಡೆದುಹೋಗುತ್ತಿತ್ತು.

ಹಾಗಂತ ಅವನಿಗೆ ಈ ಪದ ಪೂರ್ತಿ ಹೊಸದೇನಲ್ಲ. ಸಿನೆಮಾ ಪೋಸ್ಟರ್ ಕೆಳಗೆ 'ಪ್ರತಿದಿನ 4 ಆಟಗಳು' ಅಂತ ಇರುತ್ತಿತ್ತಲ್ಲ, ಅದನ್ನು ಅವನೂ ಓದಿದ್ದಾನೆ. ಅಲ್ಲಿ ನಾಲ್ಕು ಕಬಡ್ಡಿ ಮ್ಯಾಚು ಅಂತ ತಿಳಿದಿರಲಿಲ್ಲ. ಜಾಗ ನೋಡಿ ಅರ್ಥ ಹಿಡಿದಿದ್ದ. ನಮ್ಮ ಜಾತ್ರೆಯ ಜಾಗ ಅವನಿಗೆ ಗೊತ್ತಿರಲಿಲ್ಲ, ಅಷ್ಟೇ.

ನನಗೆ ಸಿಟ್ಟು ಬಂದದ್ದು ಆಮೇಲೆ. ಹಿರಿಯರ ಜೊತೆ ಬಂದಿದ್ದ ಕಮಿಟಿಯ ಒಬ್ಬ ಯುವಕ, "ಇನ್ನು ಮ್ಯಾಲೆ ಆಟ ಅನ್ನೂದ ಬ್ಯಾಡ ರೀ, 'ಜಾನಪದ ರಂಗ ಪ್ರದರ್ಶನ' ಅಂತ ಹಾಕ್ರಿ, ಗೊಂದಲ ಇರೂದಿಲ್ಲ" ಅಂದ. ಕುಸ್ತಿಗೂ 'ಮಲ್ಲಯುದ್ಧ ಪಂದ್ಯಾವಳಿ' ಅಂತ ಮಾಡಬೇಕಂತೆ. ನಾನು ಸುಮ್ನೆ ಕೂರಲಿಲ್ಲ. ಹೊಸದಾಗಿ ಒಂದು ಸಾವಿರ ನನ್ನ ಖರ್ಚಿನಲ್ಲೇ ಹಾಕಿಕೊಡ್ತೀನಿ, ಆದರೆ ಆಟ ಆಟವಾಗಿಯೇ ಇರಲಿ ಅಂದೆ. ಯಾಕೆ ಅಂತ ಅವತ್ತು ಗಿರಾಕಿ ಮುಂದೆ ಪೂರ್ತಿ ಹೇಳಲು ಆಗಲಿಲ್ಲ. ಇಲ್ಲಿ ಹೇಳ್ತೀನಿ.

ನಮ್ಮ ಕಾಕಾನ ವಿಷಯ ತೊಗೊಳ್ಳಿ. ಹರೆಯದಲ್ಲಿ ಪೈಲ್ವಾನ. ಮುಂದೆ ಊರ ನಾಟಕದಲ್ಲಿ ಭೀಮ. ಮೊಣಕಾಲು ಕೈ ಕೊಟ್ಟ ಮೇಲೆ ಭಜನೆಯಲ್ಲಿ ತಬಲಾ. ಮೂರಕ್ಕೂ ಮನೆ ಬಿಡುವಾಗ ಅವನದು ಒಂದೇ ಮಾತು: "ತಾಲೀಮಿಗೆ ಹೋಗಿ ಬರ್ತೇನಿ." ಗರಡಿಗೆ ಹೋಗುವುದೂ ತಾಲೀಮು, ನಾಟಕದ ಮಾತು ಬಾಯಿಪಾಠ ಮಾಡುವುದೂ ತಾಲೀಮು, ಗುರುಗಳ ಮುಂದೆ ಕೂತು ತಬಲಾದ ಬೋಲು ಕಲಿಯುವುದೂ ತಾಲೀಮು. ಚಿಗವ್ವ ಯಾವತ್ತೂ 'ಯಾವ ತಾಲೀಮು' ಅಂತ ಕೇಳಿದವಳಲ್ಲ. ಕಾಕಾನ ಕೈ ನೋಡುತ್ತಿದ್ದಳು. ಲಂಗೋಟಿ, ಎಣ್ಣೆ ಬಾಟ್ಲಿ ಇದ್ದರೆ ಗರಡಿ, ರಾತ್ರಿಗೆ ಎರಡು ರೊಟ್ಟಿ ಜಾಸ್ತಿ ಬಡಿಯಬೇಕು. ಇನ್ನೂರು ಪುಟದ ನೋಟ್‌ಬುಕ್ ಇದ್ದರೆ ನಾಟಕ, ಬರೋದು ಸರಿರಾತ್ರಿ. ತಬಲಾ ಶ್ರುತಿ ಮಾಡುವ ಸಣ್ಣ ಹಿತ್ತಾಳೆ ಸುತ್ತಿಗೆ ಇದ್ದರೆ ಮಠದ ಭಜನೆ.

ಈ ತಾಲೀಮು ಅರಬ್ಬಿಯಿಂದ ಬಂದ ಪದ. ಮೂಲ ಅರ್ಥ ಕಲಿಸುವುದು, ವಿದ್ಯೆ. ಕೊಲ್ಹಾಪುರದಲ್ಲಿ ಕುಸ್ತಿ ಮನೆಗಳ ಹೆಸರೇ ಮೋತಿಬಾಗ ತಾಲೀಮು, ಗಂಗಾವೇಸ ತಾಲೀಮು. ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಎಷ್ಟೋ ಹುಡುಗರು ಅಲ್ಲಿಯ ಕೆಂಪು ಮಣ್ಣಿನಲ್ಲಿ ಹೊರಳಿ ಬಂದವರು. ಆ ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆಹಣ್ಣು ಹಾಕಿ ಹದ ಮಾಡ್ತಾರೆ. ಇತ್ತ ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಮುಂಬೈಗೆ ಹೋಗಿ ಬಿ.ಆರ್. ದೇವಧರ ಅವರ ಹತ್ತಿರ ಪಡೆದದ್ದೂ ತಾಲೀಮೇ. ಒಬ್ಬ ಮಣ್ಣಿನಲ್ಲಿ ಬಿದ್ದು ಏಳ್ತಾನೆ, ಇನ್ನೊಬ್ಬ ಸ್ವರದಲ್ಲಿ ಬಿದ್ದು ಏಳ್ತಾನೆ. ಗುರು ಬೈಯುವುದು ಎರಡೂ ಕಡೆ ಒಂದೇ. ಈಗ ನೀವು ನಾಟಕದ್ದನ್ನು 'ಪೂರ್ವಾಭ್ಯಾಸ', ಕುಸ್ತಿಯದ್ದನ್ನು 'ತರಬೇತಿ ಕೇಂದ್ರ', ಸಂಗೀತದ್ದನ್ನು 'ಶಿಕ್ಷಣ' ಅಂತ ಬೇರೆ ಬೇರೆ ಡಬ್ಬಿಗೆ ಹಾಕಿದಿರಿ ಅನ್ನಿ. ಮೂರೂ ಸರಿಯಾದ ಪದಗಳೇ. ಆದರೆ ಮೂರಕ್ಕೂ ಒಬ್ಬನೇ ಮನುಷ್ಯ ಹೋಗುತ್ತಿದ್ದ ಅನ್ನುವುದು ಅದರಲ್ಲಿ ಎಲ್ಲಿ ಕಾಣುತ್ತೆ? ನಮ್ಮ ಕಾಕಾ ಮೂರು ತುಂಡಾಗ್ತಾನೆ.

ಅದೇ ಕಾಕಾನಿಂದ ನಾನು 'ಸಮ' ಕಲಿತದ್ದು. ಹ್ಯಾಂಡ್‌ಬಿಲ್‌ನಲ್ಲಿ ನಿಕಾಲಿ ಕುಸ್ತಿ ಅಂತ ಹಾಕಿರ್ತೀವಿ. ಅಂದರೆ ಸೋಲು ಗೆಲುವು ತೀರ್ಮಾನ ಆಗುವ ತನಕ ಬಿಡುವ ಮಾತಿಲ್ಲ. ಜನ ಕಬ್ಬಿನ ಕೆಲಸ ಬಿಟ್ಟು ಬಂದು ಕೂತಿರ್ತಾರೆ. ಇಬ್ಬರೂ ಒಬ್ಬರ ಹೆಗಲಿಗೊಬ್ಬರು ತಲೆ ಕೊಟ್ಟು ಅರ್ಧ ತಾಸು ನಿಲ್ತಾರೆ. ಕತ್ತಲಾಗುತ್ತೆ. ಕೊನೆಗೆ ಪಂಚರು ಇಬ್ಬರ ಕೈಯನ್ನೂ ಎತ್ತಿ ಸಮ ಅಂತಾರೆ. ಆಗ ಕೇಳಬೇಕು ಜನರ ಬೈಗುಳ. ಕುಸ್ತಿ ಕಣದಲ್ಲಿ ಸಮ ಅಂದರೆ ರೊಕ್ಕ ಹಾಳು.

ತಬಲಾ ಮುಂದೆ ಕೂತಾಗ ಅದೇ ಸಮಕ್ಕೆ ಜನ ಜೀವ ಬಿಡ್ತಾರೆ. ತೀನತಾಲ ಅನ್ನುವ ತಾಳದಲ್ಲಿ 16 ಮಾತ್ರೆ, ಅಂದರೆ 16 ಎಣಿಕೆ. ಅದರ ಮೊದಲನೆಯದು ಸಮ. ಹಾಡುವವರು ಎಲ್ಲೆಲ್ಲೋ ಅಲೆದಾಡಿ, ಇನ್ನೇನು ದಾರಿ ತಪ್ಪಿದರು ಅನ್ನುವಷ್ಟರಲ್ಲಿ ಸರಿಯಾಗಿ ಸಮದ ಮೇಲೆ ಬಂದು ಇಳಿದರೆ, ಇಡೀ ಸಭೆ ಒಟ್ಟಿಗೆ ತಲೆ ಆಡಿಸುತ್ತೆ. ತಾಳ ಗೊತ್ತಿಲ್ಲದವನ ತಲೆಯೂ ಆಡುತ್ತೆ. ಒಂಬತ್ತನೇ ಮಾತ್ರೆಗೆ ಖಾಲಿ ಅಂತಾರೆ. ಖಾಲಿ ಅಂದರೆ ಅಲ್ಲಿ ಏನೂ ಇಲ್ಲ ಅಂತಲ್ಲ. ಎಡಗೈಯ ಡಗ್ಗದ ಗುಮ್ಮು ಆ ಹೊತ್ತಿಗೆ ತೆಗೆದಿರ್ತಾರೆ, ಬಲಗೈ ನಡೆದೇ ಇರುತ್ತೆ. ಕಾಕಾ ನನ್ನ ತೊಡೆ ಮೇಲೆ ಬೆರಳಿನಿಂದ ಹೊಡೆದು ತೋರಿಸುತ್ತಿದ್ದ: "ಇಲ್ಲಿ ಖಾಲಿ ಬಿಟ್ಟರನ ಅಲ್ಲಿ ಸಮ ಬಂದದ್ದು ತಿಳೀತೈತಿ." ಥಿಯೇಟರ್ ಮಾಲೀಕರಿಗೆ ಮಾತ್ರ ಖಾಲಿ ಅಂದರೆ ಖಾಲಿಯೇ, ಬಿಡಿ.

ಜೋಡಿ ಪದವನ್ನು ನೋಡಿದರೆ ನನಗೆ ನಗು ಬರುತ್ತೆ. ಸಿನೆಮಾ ಪೋಸ್ಟರ್‌ನಲ್ಲಿ ಸೂಪರ್ ಹಿಟ್ ಜೋಡಿ ಅಂದರೆ ಮರ ಸುತ್ತಿ ಹಾಡುವವರು. ಕುಸ್ತಿ ಪೋಸ್ಟರ್‌ನಲ್ಲಿ ಜೋಡಿ ಅಂದರೆ ಒಬ್ಬರನ್ನೊಬ್ಬರು ನೆಲಕ್ಕೆ ಒಗೆಯಲು ಬಂದವರು. ನಾವು ಫೋಟೋ ಕೂರಿಸುವುದು ಮಾತ್ರ ಎರಡಕ್ಕೂ ಒಂದೇ ರೀತಿ, ಎದುರುಬದುರು ಮುಖ. ಗಾಡಿ ಓಟದ ಪೋಸ್ಟರ್ ಇನ್ನೂ ಮಜಾ. ಮೇಲೆ ದಪ್ಪ ಅಕ್ಷರದಲ್ಲಿ 'ಜೋಡೆತ್ತಿನ ಗಾಡಿ ಶರ್ಯತ್ತು', ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ 'ಷರತ್ತುಗಳು'. ಎರಡರ ಬೇರೂ ಒಂದೇ. ಮೇಲಿನದನ್ನು ಎಲ್ಲರೂ ಓದ್ತಾರೆ. ಕೆಳಗಿನದನ್ನು ಸೋತ ಮೇಲೆ ಓದ್ತಾರೆ.

ಕ್ರೀಡಾ ಪುಟ ಓದುವಾಗ 'ಶತಕ ಬಾರಿಸಿದರು' ಅಂತ ಕಂಡರೆ ನನ್ನ ಕಣ್ಣಿಗೆ ಬ್ಯಾಟು ಬರುವುದಿಲ್ಲ, ಡೊಳ್ಳು ಬರುತ್ತೆ. ನಮ್ಮಲ್ಲಿ ತಬಲಾ ಬಾರಿಸ್ತಾರೆ, ಗಂಟೆ ಬಾರಿಸ್ತಾರೆ, ಮಾತು ಮೀರಿದರೆ ಕಪಾಳಕ್ಕೂ ಬಾರಿಸ್ತಾರೆ. ಬೆಳಗಾವಿಯಲ್ಲಿ ಕನ್ನಡ ಮರಾಠಿ ಎರಡೂ ಪೇಪರ್ ಓದುವವರಿಗೆ ಇನ್ನೊಂದು ಗೊತ್ತು. ಮರಾಠಿಯಲ್ಲಿ ಕ್ರಿಕೆಟ್ ಇನಿಂಗ್ಸ್ ಅಂದರೆ ಡಾವ. ಕುಸ್ತಿಯ ಪಟ್ಟೂ ಡಾವ, ಇಸ್ಪೀಟಿನ ಆಟವೂ ಡಾವ. ನಮ್ಮ ಪೈಲ್ವಾನರು ಪಟ್ಟು ಅನ್ನುವುದಕ್ಕಿಂತ ಡಾವ ಅನ್ನೋದೇ ಜಾಸ್ತಿ. ಅಂಕ ಅನ್ನುವುದಂತೂ ಕಬಡ್ಡಿಗೂ ಇದೆ, ನಾಟಕಕ್ಕೂ ಇದೆ, ಮಕ್ಕಳ ಮಾರ್ಕ್ಸ್ ಕಾರ್ಡಿಗೂ ಇದೆ.

ಪಾತ್ರ ಅನ್ನುವ ಪದ ಮಾತ್ರ ನನಗೆ ಬರೀ ತಮಾಷೆಯಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆಗೆ ಮಹಾಪೂರ ಬಂದಾಗ ಟಿವಿಯಲ್ಲಿ ದಿನವಿಡೀ 'ನದಿ ಪಾತ್ರದ ಜನರು ಎಚ್ಚರಿಕೆಯಿಂದ ಇರಬೇಕು' ಅಂತ ಬರುತ್ತಿತ್ತು. ನಮ್ಮ ಪ್ರೆಸ್‌ನಲ್ಲಿ ಒಂದು ನಾಟಕದ ಪೋಸ್ಟರ್ ತಯಾರಾಗಿ ಕೂತಿತ್ತು. ಪಾತ್ರವರ್ಗ ಅಂತ ಹನ್ನೆರಡು ಹೆಸರು. ನಾಟಕದ ಮಾಸ್ತರರು ಫೋನ್ ಮಾಡಿ, "ಅವನ್ನ ಹಂಗ ಇಡ್ರಿ, ನಮ್ಮ ಪಾತ್ರ ಎಲ್ಲಾ ಗಂಜಿ ಕೇಂದ್ರದಾಗ ಅದಾವು" ಅಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊಳೆ ತನ್ನ ಪಾತ್ರ ಬಿಟ್ಟು ಊರೊಳಗೆ ಬಂದಿತ್ತು. ಆ ಪೋಸ್ಟರ್ ಬಂಡಲ್ ಎಷ್ಟೋ ತಿಂಗಳು ಮೂಲೆಯಲ್ಲಿತ್ತು. ನಾಟಕ ಆಗಲೇ ಇಲ್ಲ.

ಇಷ್ಟು ಹೇಳಿದ ಮೇಲೆ, ಹಳೇ ಪದ ಎಲ್ಲಾ ಬಂಗಾರ, ಈಗಿನ ಹುಡುಗರು ಭಾಷೆ ಕೆಡಿಸಿದರು ಅಂತ ನಾನು ಹಾಡ್ತೀನಿ ಅಂದುಕೊಂಡಿರಬಹುದು. ಇಲ್ಲ. ಆ ರಾಗ ನನಗೆ ಬೇಸರ. ನನ್ನ ಅಕ್ಕನ ಮಗ ರಜೆಗೆ ಬಂದಾಗ ಪ್ರೆಸ್‌ನಲ್ಲೇ ಕೂತು ಮೊಬೈಲ್‌ನಲ್ಲಿ ಆಡ್ತಾನೆ. ಮೊನ್ನೆ ಕಿವಿಗೆ ಇಯರ್‌ಫೋನ್ ಹಾಕಿಕೊಂಡು "ಕವರ್ ಕೊಡೋ, ಲಗೂನ ಕವರ್ ಕೊಡೋ" ಅಂತ ಒದರಿದ. ನಾನು ಎದ್ದು ಹೋಗಿ ಲಗ್ನಪತ್ರಿಕೆಯ ಕವರ್ ಕಟ್ಟು ತಂದು ಅವನ ಮುಂದೆ ಇಟ್ಟೆ. "ಮಾಮಾ, ಅದಲ್ಲೋ! ನಾ ಓಡೂವಾಗ ಅವ ವೈರಿ ಮ್ಯಾಲ ಗುಂಡು ಹಾರಸ್ತಿರಬೇಕು, ಅದಕ್ಕ ಕವರ್ ಅಂತಾರು." ಅವನ ತಂಗಿ ಪಕ್ಕದಿಂದ, ತಾನು ಶಾಲೆಯಲ್ಲಿ ಕವರ್ ಹಾಡಿದ್ದೀನಿ ಅಂದಳು. ಬೇರೆಯವರ ಹಾಡನ್ನು ತನ್ನ ದನಿಯಲ್ಲಿ ಹಾಡುವುದಂತೆ. ಮಷಿನ್ ಹತ್ತಿರ ಇದ್ದ ಹುಡುಗನಿಗೆ ಕವರ್ ಅಂದರೆ ಕವರ್ ಡ್ರೈವ್. ಒಂದೇ ಖೋಲಿಯಲ್ಲಿ ನಾಲ್ಕು ಕವರು. ನನ್ನದೊಂದಕ್ಕೆ ಮಾತ್ರ ಗೋಂದು ಹಚ್ಚಬೇಕು.

ತಾಲೀಮು ಅರಬ್ಬಿಯಿಂದ ಬಂದು ನಮ್ಮ ಕಾಕಾನ ಎಣ್ಣೆ ಬಾಟ್ಲಿ ಜೊತೆ ಓಡಾಡಿದ ಹಾಗೆ ಕವರ್ ಇಂಗ್ಲಿಷಿನಿಂದ ಬಂದು ಇವರ ಬಾಯಲ್ಲಿ ಓಡಾಡ್ತಾ ಇದೆ. ಮೊದಲು ಸಿನೆಮಾದ ಡಬ್ಬಿಯಲ್ಲಿ ಸುತ್ತಿ ಬರುತ್ತಿದ್ದ ರೀಲು, ದರ್ಜಿ ಅಂಗಡಿಯ ದಾರದ ರೀಲು, ಕಟ್ಟೆ ಮೇಲೆ ಕೂತು ಬಿಡುವ ರೀಲು, ಈಗ ಬೆರಳಿನಿಂದ ತಳ್ಳುವ ರೀಲು. ಇದಕ್ಕೆ ಯಾವ ಕಮಿಟಿಯೂ ಠರಾವು ಮಾಡಿಲ್ಲ. ಬೇಕಾದವರು ಬೇಕಾದ ಕಡೆ ಎತ್ತಿಕೊಂಡು ಹೋದರು.

ಒಂದು ಪದದಲ್ಲಿ ಎರಡು ಅರ್ಥ ಇರುವುದು ಗೊಂದಲ ಅನ್ನುವವರಿಗೆ ನಾನು ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಹೆಸರು ಹೇಳ್ತೀನಿ. 1580ರಿಂದ 1627ರವರೆಗೆ ಆಳಿದವನು. ತನ್ನ ತಂಬೂರಿಗೆ ಮೋತಿಖಾನ ಅಂತ ಹೆಸರಿಟ್ಟ ಸಂಗೀತದ ಹುಚ್ಚ. ಅವನಿಗೆ 'ನವರಸ' ಅನ್ನುವ ಪದದ ಮೇಲೆ ಎಷ್ಟು ಪ್ರೀತಿ ಅಂದರೆ, ತನ್ನ ಹಾಡುಗಳ ಪುಸ್ತಕ ಕಿತಾಬ್-ಎ-ನವರಸ್, 1599ರಲ್ಲಿ ಕಟ್ಟಲು ಶುರು ಮಾಡಿದ ಹೊಸ ಊರು ನವರಸಪುರ. ನಮಗೆ ನವರಸ ಅಂದರೆ ಶೃಂಗಾರ, ವೀರ ಮುಂತಾದ ಒಂಬತ್ತು. ಪಾರ್ಸಿ ಬಲ್ಲವನಿಗೆ ನೌರಸ್ ಅಂದರೆ ಹೊಸದಾಗಿ ಬಂದದ್ದು, ಆಗಷ್ಟೇ ಮಾಗಿದ್ದು. ದರ್ಬಾರಿನಲ್ಲಿ ಎರಡೂ ಥರದ ಜನ ಇದ್ದರು. ಗೊಂದಲ ಆಗುತ್ತೆ, ಪದ ಬದಲಿಸೋಣ ಅಂತ ಅವನಿಗೆ ಅನ್ನಿಸಲಿಲ್ಲ.

ಸರಿ, ಹ್ಯಾಂಡ್‌ಬಿಲ್ ವಿಷಯ. ಹೊಸದಾಗಿ ಒಂದು ಸಾವಿರ ಹಾಕಿಕೊಟ್ಟೆ. ಕಬಡ್ಡಿ ತೆಗೆದು ನವಿಲುಗರಿ ಹಾಕಿದೆವು. 'ರಾತ್ರಿ 10 ಗಂಟೆಗೆ ಆಟ' ಹಾಗೆಯೇ ಇದೆ. ಕಮಿಟಿ ಯುವಕ ಮುಖ ಗಂಟು ಹಾಕಿಕೊಂಡೇ ಒಯ್ದ.

ಅವತ್ತಿನಿಂದ ನಮ್ಮ ಮಂಡ್ಯದ ಹುಡುಗನಿಗೆ ಎಂಥ ಹೆದರಿಕೆ ಹತ್ತಿದೆ ಅಂದರೆ, ಕಾಗದದಲ್ಲಿ ಆಟ ಅಂತ ಕಂಡರೆ ಸಾಕು, ಮೌಸ್ ಬಿಟ್ಟು ಎದ್ದು ಬಂದು ಗಿರಾಕಿಯನ್ನು "ಯಾವ ಆಟ ರೀ?" ಅಂತ ಕೇಳ್ತಾನೆ. ನಿನ್ನೆ ಒಬ್ಬ ಅಜ್ಜ ಅವನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ: "ಇಸ್ಪೀಟ್ ಅಂತೂ ಅಲ್ಲಪಾ. ಅದಕ್ಕ ಯಾರೂ ಹ್ಯಾಂಡ್‌ಬಿಲ್ ಹೊಡಸೂದಿಲ್ಲ."